ಸಿಯೋಲ್‌ಗೆ ದಾರಿ ಮಟ್ಟಾಂಚೇರಿಯ ಮೇಲಿಂದ

2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಕಥೋಲಿಕರ ವಿಶ್ವ ಯುವಜನ ದಿನ. ಹೆಸರಿನಲ್ಲಿ 'ದಿನ' ಎಂದಿದ್ದರೂ ಇದು ಒಂದು ವಾರದ ದೊಡ್ಡ ಜಾತ್ರೆ. ಪೋಪ್ ಎರಡನೇ ಜಾನ್ ಪಾಲ್ 1980ರ ದಶಕದಲ್ಲಿ ಶುರುಮಾಡಿದ ಈ ಕೂಟ ಕೆಲವು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ಸೇರುತ್ತದೆ. ಏಷ್ಯಾದ ನೆಲಕ್ಕೆ ಈ ಹಿಂದೆ ಬಂದದ್ದು ಒಂದೇ ಸಲ, 1995ರಲ್ಲಿ ಮನಿಲಾಕ್ಕೆ. 2023ರ ಆಗಸ್ಟ್ 6ರಂದು ಲಿಸ್ಬನ್ ಕೂಟದ ಕೊನೆಯ ದಿನ ಪೋಪ್ ಫ್ರಾನ್ಸಿಸ್ ಅವರು ಮುಂದಿನ ಊರು ಸಿಯೋಲ್ ಎಂದು ಘೋಷಿಸಿದಾಗ ಕೇರಳದ ಯುವಕ ಯುವತಿಯರಲ್ಲಿ ಒಂದು ಆಸೆ ಹುಟ್ಟಿತು. ಯುರೋಪಿನ ಖರ್ಚು ನೋಡಿಯೇ ಸುಮ್ಮನಾಗುತ್ತಿದ್ದ ಮನೆಗಳಲ್ಲೂ ಈಗ 'ಹೋಗಿಬರಲಿ' ಎಂಬ ಮಾತು ಕೇಳುತ್ತಿದೆ.

ನಾನು ಚಿಕ್ಕಮಗಳೂರು ಕಡೆಯವನು, ಕೆಲಸ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಹಿಂದೊಮ್ಮೆ ಪ್ರಾಜೆಕ್ಟ್ ಒಂದಕ್ಕಾಗಿ ಸಿಯೋಲ್ ಪಕ್ಕದ ಪಾಂಗ್ಯೊದಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಆ ಒಂದೇ ಕಾರಣಕ್ಕೆ ಇಲ್ಲಿನ ಚರ್ಚಿನ ಯುವಕರ ಗುಂಪೊಂದು 'ಕೊರಿಯಾ ಸಂಸ್ಕೃತಿ ಪರಿಚಯ' ಮಾಡಿಕೊಡಿ ಎಂದು ಕರೆಯಿತು. ತಿರುವನಂತಪುರದಲ್ಲಿ ಮೂರು ಶನಿವಾರ, ಆಮೇಲೆ ಕೊಚ್ಚಿಯಲ್ಲಿ ಎರಡು ಭಾನುವಾರ. ಬಂದವರು ಹದಿನೆಂಟರಿಂದ ಇಪ್ಪತ್ತೇಳರ ವಯಸ್ಸಿನವರು: ನರ್ಸಿಂಗ್ ಓದುವವರು, ಐಟಿಯ ಹೊಸಬರು, ಮೀನುಗಾರರ ಮನೆಯ ಮಕ್ಕಳು, ಇಬ್ಬರು ಶಾಲಾ ಶಿಕ್ಷಕಿಯರು.

ಆತಿಥೇಯ ನಾಡಿನ ಸಂಸ್ಕೃತಿಯನ್ನು ಪರಿಚಯಿಸುವುದು ಎಂದರೆ ಏನು? ಸಾಮಾನ್ಯವಾಗಿ ಅದು ಹತ್ತು 'ಮಾಡಿ', ಹತ್ತು 'ಮಾಡಬೇಡಿ'ಗಳ ಪಟ್ಟಿಯಾಗಿ ಮುಗಿಯುತ್ತದೆ. ಪಟ್ಟಿ ಬೇಕು, ಅದನ್ನೂ ಮುಂದೆ ಬರೆದಿದ್ದೇನೆ. ಆದರೆ ಈ ಐದು ದಿನಗಳಲ್ಲಿ ನನಗೆ ಮನದಟ್ಟಾದದ್ದು ಇನ್ನೊಂದು ಸಂಗತಿ. ಇನ್ನೊಬ್ಬರ ಮನೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ನಮ್ಮ ಮನೆಗೆ ಬಂದುಹೋದ ಅತಿಥಿಗಳ ಕಥೆ ಗೊತ್ತಿರಬೇಕು. ಆ ಕಥೆ ಕಲಿಯಲು ಕೊಚ್ಚಿಯಂಥ ಪಾಠಶಾಲೆ ಇನ್ನೊಂದಿಲ್ಲ.

ಗೊತ್ತಿರುವ ಕೊರಿಯಾ, ಗೊತ್ತಿಲ್ಲದ ಕೊರಿಯಾ

ಈ ಮಕ್ಕಳಿಗೆ ಕೊರಿಯಾ ಹೊಸತಲ್ಲ. ಬಿಟಿಎಸ್ ತಂಡದ ಏಳೂ ಹುಡುಗರ ಹೆಸರು ಬಾಯಿಪಾಠ. ಕೆ-ಡ್ರಾಮಾ ನೋಡಿ ನೋಡಿ ನಾಲ್ಕು ಮಾತು ಆಡಬಲ್ಲರು. ಒಬ್ಬ ಹುಡುಗಿ ತನ್ನ ಹೆಸರನ್ನು ಕೊರಿಯನ್ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದೂ ತೋರಿಸಿದಳು. ರಾಮೆನ್, ಕಿಮ್ಚಿ, ಸೋಜು, ಎಲ್ಲವೂ ಗೊತ್ತು.

ಅಲ್ಲಿ ಕ್ರೈಸ್ತ ಧರ್ಮ ಹೇಗೆ ಬಂತು ಎಂದು ಕೇಳಿದೆ. 'ಬಿಳಿಯ ಪಾದ್ರಿಗಳು ತಂದಿರಬೇಕು' ಎಂದರು. ಅಲ್ಲಿನ ಸಭೆಯ ದೊಡ್ಡ ಹೆಮ್ಮೆ ಇರುವುದೇ ಇಲ್ಲಿ: ಅದನ್ನು ಯಾವ ಪಾದ್ರಿಯೂ ತರಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಚೀನಾದಿಂದ ಬಂದ ಪುಸ್ತಕಗಳ ಮೂಲಕ ಬಂತು. ಕನ್‌ಫ್ಯೂಷಿಯಸ್ ಪರಂಪರೆಯ ಕೆಲವು ವಿದ್ವಾಂಸರು ಜೆಸ್ವಿತ್ ಗುರು ಮತ್ತೆಯೊ ರಿಚ್ಚಿ ಚೀನೀ ಭಾಷೆಯಲ್ಲಿ ಬರೆದ ಗ್ರಂಥವನ್ನು 'ಪಶ್ಚಿಮದ ವಿದ್ಯೆ' ಎಂದು ಓದಲು ಕುಳಿತರು. ಓದು ಚರ್ಚೆಯಾಯಿತು, ಚರ್ಚೆ ನಂಬಿಕೆಯಾಯಿತು. ಅವರಲ್ಲಿ ಯಿ ಸುಂಗ್-ಹುನ್ ಎಂಬವನು 1784ರಲ್ಲಿ ಬೀಜಿಂಗ್‌ಗೆ ಹೋಗಿ ದೀಕ್ಷಾಸ್ನಾನ ಪಡೆದು ಬಂದು ಉಳಿದವರಿಗೆ ತಾನೇ ದೀಕ್ಷೆ ಕೊಟ್ಟ. ಚೀನಾದಿಂದ ಮೊದಲ ಗುರು ಗುಟ್ಟಾಗಿ ಗಡಿ ದಾಟಿ ಬರುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಸಾವಿರಾರು ವಿಶ್ವಾಸಿಗಳು ಆಗಲೇ ಇದ್ದರು.

ಅದರಲ್ಲೂ ಒಂದು ಸಂಗತಿ ಗಮನಿಸಿ. ಆಗ ವಿದ್ವಾಂಸರ ಬರಹವೆಲ್ಲ ಚೀನೀ ಲಿಪಿಯಲ್ಲಿ. ರಾಜ ಸೆಜೊಂಗ್ 1446ರಲ್ಲಿ ಜನಸಾಮಾನ್ಯರಿಗಾಗಿ ಹಾಂಗುಲ್ ಲಿಪಿಯನ್ನು ಹೊರಡಿಸಿದ್ದರೂ ದೊಡ್ಡವರು ಅದನ್ನು ಕೀಳಾಗಿ ಕಾಣುತ್ತಿದ್ದರು. ಜೊಂಗ್ ಯಾಕ್-ಜೊಂಗ್ ಎಂಬ ವಿದ್ವಾಂಸ ಆ ಹಾಂಗುಲ್‌ನಲ್ಲೇ ಧರ್ಮೋಪದೇಶದ ಪುಸ್ತಕ ಬರೆದ. ಹೆಂಗಸರೂ ಕೆಳಗಿನ ಜಾತಿಯವರೂ ಓದಿದರು. 1801ರಲ್ಲಿ ಅವನ ತಲೆ ಕಡಿದರು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಹತ್ಯಾಕಾಂಡಗಳು ನಡೆದವು. ಮೊದಲ ಕೊರಿಯನ್ ಗುರು ಕಿಮ್ ತೆಗೊನ್ ಹದಿನೈದರ ಹುಡುಗನಾಗಿದ್ದಾಗ ಓದಲು ಮಕಾವಿಗೆ ನಡೆದುಹೋದವನು. 1845ರಲ್ಲಿ ಗುರುದೀಕ್ಷೆ ಪಡೆದ, 1846ರಲ್ಲಿ ಸಿಯೋಲ್‌ನ ಹಾನ್ ನದಿಯ ಮರಳಿನ ಮೇಲೆ ಅವನ ಶಿರಚ್ಛೇದವಾಯಿತು. ಆಗ ಅವನಿಗೆ ಇಪ್ಪತ್ತೈದು ವರ್ಷ.

ಇಪ್ಪತ್ತೈದು ಎಂದಾಗ ಕ್ಲಾಸು ಮೌನವಾಯಿತು. ಅಲ್ಲಿ ಕುಳಿತಿದ್ದವರಲ್ಲಿ ಅರ್ಧದಷ್ಟು ಮಂದಿ ಅದೇ ಆಸುಪಾಸಿನವರು.

ಊಟ ಆಯ್ತಾ?

ಭಾಷೆಯ ಪಾಠ ಮಾಡುವಾಗ ನನ್ನ ಕನ್ನಡವೇ ನೆರವಿಗೆ ಬಂತು. ಕೊರಿಯನ್ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ. ವಿಭಕ್ತಿ ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. 'ನಾನು ಶಾಲೆಗೆ ಹೋಗುತ್ತೇನೆ' ಎಂಬುದನ್ನು ಪದ ಪದವಾಗಿ ಅದೇ ಕ್ರಮದಲ್ಲಿ ಕೊರಿಯನ್‌ಗೆ ತಿರುಗಿಸಬಹುದು. ಅಪ್ಪನಿಗೆ 'ಅಪ್ಪ', ಅಮ್ಮನಿಗೆ 'ಒಮ್ಮ'. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಶಿಕ್ಷಕ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಬರೆದಿದ್ದ. ಎರಡೂ ಒಂದೇ ಕುಟುಂಬದವು ಎಂಬುದನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ನೆಂಟಸ್ತಿಕೆ ಇಲ್ಲದಿದ್ದರೂ ಕಲಿಯುವವರಿಗೆ ಈ ಹೋಲಿಕೆ ದೊಡ್ಡ ಅನುಕೂಲ. ಮಲಯಾಳಿ ಮಕ್ಕಳು ಇಂಗ್ಲಿಷಿನ ಮೂಲಕ ಕೊರಿಯನ್ ಕಲಿಯಲು ಹೆಣಗುತ್ತಿದ್ದರು. ಮಲಯಾಳದಲ್ಲೇ ಯೋಚಿಸಿ, ಪದ ಮಾತ್ರ ಬದಲಿಸಿ ಎಂದೆ. ಒಂದೇ ಗಂಟೆಯಲ್ಲಿ ಸಣ್ಣ ವಾಕ್ಯಗಳು ಬಂದವು.

ಲಿಪಿಯೂ ಹಾಗೆಯೇ. ಹಾಂಗುಲ್‌ನಲ್ಲಿ ಮೂಲ ವ್ಯಂಜನ ಹದಿನಾಲ್ಕು, ಮೂಲ ಸ್ವರ ಹತ್ತು. ಅವನ್ನು ಉದ್ದಕ್ಕೆ ಸಾಲಾಗಿ ಬರೆಯದೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಕಟ್ಟು ಕಟ್ಟುತ್ತಾರೆ. ಕಾಗುಣಿತ, ಒತ್ತಕ್ಷರ ಬರೆದು ಬೆಳೆದ ನಮಗೆ ಇದರಲ್ಲಿ ಭಯಪಡುವಂಥದ್ದು ಏನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಒಂದು ಪ್ರಶ್ನೆ. ಕೊರಿಯಾದಲ್ಲಿ ಹತ್ತಿರದವರು ಸಿಕ್ಕಾಗ 'ಬಾಪ್ ಮೊಗೊಸ್ಸೊಯೊ?' ಎನ್ನುತ್ತಾರೆ. ಅನ್ನ ತಿಂದಿರಾ ಎಂದು. ನಮ್ಮ 'ಊಟ ಆಯ್ತಾ?', ಇವರ 'ಊಣು ಕಳಿಚ್ಚೋ?' ಎಂಬ ಮಾತೇ ಅದು. ಕೇಳಿದವರು ಊಟಕ್ಕೆ ಕರೆಯುತ್ತಿದ್ದಾರೆ ಎಂದಲ್ಲ, ಚೆನ್ನಾಗಿದ್ದೀರಾ ಎಂದು ವಿಚಾರಿಸುತ್ತಿದ್ದಾರೆ. ಹಸಿವು ಕಂಡ ನಾಡುಗಳಿಗೆ ಮಾತ್ರ ಈ ಪ್ರಶ್ನೆಯ ಬೆಲೆ ಗೊತ್ತು. ಇಂದು ಮಿಂಚುವ ಸಿಯೋಲ್ 1950ರಿಂದ 53ರ ಯುದ್ಧದಲ್ಲಿ ನಾಲ್ಕು ಸಲ ಕೈ ಬದಲಾಗಿ ಬೂದಿಯಾಗಿತ್ತು. ಇಂದಿನ ಅಜ್ಜ ಅಜ್ಜಿಯರು ಆ ಬೂದಿಯಲ್ಲಿ ಬೆಳೆದ ಮಕ್ಕಳು. ಯಾತ್ರಿಕರನ್ನು ಮನೆಯಲ್ಲಿ ಇಳಿಸಿಕೊಂಡು ತಟ್ಟೆಗೆ ಮತ್ತೆ ಮತ್ತೆ ಬಡಿಸುವವರು ಅವರೇ.

ಮಟ್ಟಾಂಚೇರಿಯ ಪಾಠ

ಕೊಚ್ಚಿಯ ಮೊದಲ ಭಾನುವಾರ ಕ್ಲಾಸು ಮಾಡಲಿಲ್ಲ. ಎಲ್ಲರನ್ನೂ ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಗೆ ನಡೆಸಿದೆವು. ಕೊರಿಯಾಕ್ಕೆ ಹೋಗುವವರಿಗೆ ಇಲ್ಲೇನು ಕೆಲಸ ಎಂದು ಕೆಲವರು ಗೊಣಗಿದರು. ಬಹುಪಾಲು ಮಂದಿ ಇದೇ ಊರಿನವರು, ದಿನವೂ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರು.

ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ ಜಾಗವಿದೆ. ಅವನು 1524ರಲ್ಲಿ ಸತ್ತದ್ದು ಇದೇ ಕೊಚ್ಚಿಯಲ್ಲಿ. ಮುಂದೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು, ಇಂದು ಅದು ಲಿಸ್ಬನ್‌ನ ಜೆರೋನಿಮೋಸ್ ಮಠದಲ್ಲಿದೆ. ಅಲ್ಲಿಂದ ಮುಂದೆ ಡಚ್ಚರ ಗೋರಿಗಳು, ಚೀನೀ ಬಲೆಗಳು, 1568ರ ಯಹೂದಿ ಸಿನಗಾಗ್, ಗೋವೆಯಿಂದ ಪೋರ್ಚುಗೀಸರ ಕಾಟಕ್ಕೆ ಓಡಿಬಂದ ಕೊಂಕಣಿಗಳ ತಿರುಮಲ ದೇವಸ್ಥಾನ. ನಾಲ್ಕು ಕಿಲೋಮೀಟರಿನ ಒಳಗೆ ಇಷ್ಟು ಬಗೆಯ ಅತಿಥಿಗಳು. ಉಪ್ಪಿನಕಾಯಿ ಹಾಕುವ ಜಾಡಿಗೆ ಇಲ್ಲಿ 'ಚೀನ ಭರಣಿ' ಎನ್ನುತ್ತಾರೆ, ಬಾಣಲೆಗೆ 'ಚೀನ ಚಟ್ಟಿ'. ಪೂರ್ವದೇಶದ ಅತಿಥಿ ಅಡುಗೆಮನೆಯೊಳಗೆ ಹೆಸರಾಗಿ ಉಳಿದುಹೋಗಿದ್ದಾನೆ.

ಈ ನಡಿಗೆಯ ನಿಜವಾದ ಗುರಿ ಇದ್ದದ್ದು ಕೂನನ್ ಕುರಿಶು, ಅಂದರೆ ಬಾಗಿದ ಶಿಲುಬೆಯ ಜಾಗ. ಪೋರ್ಚುಗೀಸರು ಬರುವುದಕ್ಕೂ ನೂರಾರು ವರ್ಷ ಮೊದಲೇ ಕೇರಳದಲ್ಲಿ ಸಂತ ತೋಮರ ಹೆಸರು ಹೇಳುವ ನಸ್ರಾಣಿ ಕ್ರೈಸ್ತರಿದ್ದರು. ಅವರ ಪೂಜೆಯ ಭಾಷೆ ಸುರಿಯಾನಿ, ಉಡುಗೆ ತೊಡುಗೆ ಹಬ್ಬಗಳೆಲ್ಲ ಈ ನೆಲದವು. ಬಂದ ಅತಿಥಿಗಳೂ ಕ್ರೈಸ್ತರೇ. ಆದರೆ 'ನಿಮ್ಮ ಕ್ರಮ ಸರಿಯಿಲ್ಲ' ಎಂದರು. 1599ರ ಜೂನ್‌ನಲ್ಲಿ ಕೊಚ್ಚಿ ಹತ್ತಿರದ ಉದಯಂಪೇರೂರಿನಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಸಭೆ ಕರೆದು ಸುರಿಯಾನಿ ಗ್ರಂಥಗಳನ್ನು ತಿದ್ದಲು ಇಲ್ಲವೇ ಸುಡಲು ಆಜ್ಞೆ ಮಾಡಿದರು. ಅರ್ಧ ಶತಮಾನ ಕುದಿದ ಅಸಮಾಧಾನ 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಸಿಡಿಯಿತು. ಶಿಲುಬೆಗೆ ಹಗ್ಗ ಕಟ್ಟಿ, ಆ ಹಗ್ಗ ಹಿಡಿದು, ಇನ್ನು ಇವರ ಅಧೀನದಲ್ಲಿ ಇರುವುದಿಲ್ಲ ಎಂದು ಜನ ಆಣೆ ಮಾಡಿದರು. ಜನರ ಭಾರಕ್ಕೆ ಶಿಲುಬೆ ಬಾಗಿತು ಎಂಬುದು ಪ್ರತೀತಿ. ಇಂದು ಕೇರಳದಲ್ಲಿ ಸಿರೋ ಮಲಬಾರ್, ಯಾಕೋಬಾಯ, ಆರ್ಥೊಡಾಕ್ಸ್, ಮಾರ್ತೋಮಾ, ಮಲಂಕರ ಎಂದು ಇಷ್ಟೊಂದು ಸಭೆಗಳು ಇರುವುದರ ಬೇರು ಹುಡುಕುತ್ತ ಹೋದರೆ ಈ ಜಾಗಕ್ಕೇ ಬಂದು ನಿಲ್ಲುತ್ತೇವೆ.

ಅಲ್ಲೇ ನಿಂತು ನಾನು ಹೇಳಿದ್ದಿಷ್ಟು: 'ಒಂದೇ ದೇವರನ್ನು ನಂಬುವವರು ಇನ್ನೊಬ್ಬರ ಮನೆಗೆ ಹೋಗಿ ನಿಮ್ಮ ರೀತಿ ಸರಿಯಿಲ್ಲ ಎಂದರೆ ಏನಾಗುತ್ತದೆ ಎನ್ನುವುದು ನಿಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಈಗ ಅತಿಥಿಗಳಾಗಿ ಹೋಗುವ ಸರದಿ ನಿಮ್ಮದು.'

ಬೇರೆ ಬಗೆಯ ಅತಿಥಿಯೂ ಇದೇ ಊರಿನಲ್ಲಿದ್ದ. ಡಚ್ ಅಧಿಕಾರಿ ವಾನ್ ರೀಡ್ ಬಂದದ್ದು ಆಳಲು, ವ್ಯಾಪಾರ ಮಾಡಲು. ಆದರೂ ಇಲ್ಲಿನ ಗಿಡಮರಗಳ ಬಗ್ಗೆ ತಿಳಿಯಬೇಕೆನಿಸಿದಾಗ ಅವನು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನನ್ನೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರನ್ನೂ ಕೇಳಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ 'ಹೋರ್ತುಸ್ ಮಲಬಾರಿಕುಸ್'ನಲ್ಲಿ ಅವರ ಹೆಸರು, ಅವರ ಅಕ್ಷರದಲ್ಲೇ ಅವರ ಪ್ರಮಾಣಪತ್ರಗಳೂ ಇವೆ. ನಮ್ಮ ಕಡೆ ನೋಡಿದರೆ ಕಿಟೆಲ್ ಇದ್ದಾರಲ್ಲ. ಧರ್ಮ ಪ್ರಚಾರಕ್ಕೆಂದು ಬಂದ ಜರ್ಮನ್ನರು 1894ರಲ್ಲಿ ನಮಗೇ ನಮ್ಮ ಭಾಷೆಯ ನಿಘಂಟು ಕೊಟ್ಟರು. ಕೇಳುವ ಅತಿಥಿಯನ್ನು ಮನೆಯವರು ಮರೆಯುವುದಿಲ್ಲ.

ಫೋಟೊದ ಮುಂದೆ ತಲೆಬಾಗಬಹುದೇ?

ಎರಡನೇ ಭಾನುವಾರ ಕೊಚ್ಚಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: 'ಚೇಟ್ಟಾ, ನಾವು ಇಳಿದುಕೊಂಡ ಮನೆಯಲ್ಲಿ ತೀರಿಕೊಂಡ ಅಜ್ಜನ ಫೋಟೊ ಇಟ್ಟು, ಅನ್ನ ಬಡಿಸಿ, ಅಡ್ಡಬಿದ್ದರೆ ನಾವೇನು ಮಾಡಬೇಕು? ಡ್ರಾಮಾದಲ್ಲಿ ನೋಡಿದ್ದೇನೆ.'

ಇಡೀ ಐದು ದಿನಗಳ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಕೊರಿಯನ್ ಕಥೋಲಿಕರು ಇದೇ ಪ್ರಶ್ನೆಗೆ ಪ್ರಾಣ ಕೊಟ್ಟಿದ್ದಾರೆ. ಹಿರಿಯರಿಗೆ ಎಡೆಯಿಡುವ ಆ ಆಚರಣೆಯ ಹೆಸರು 'ಜೆಸಾ'. ನಮ್ಮ ಪಿತೃಪಕ್ಷವನ್ನು ನೆನಪಿಸಿಕೊಳ್ಳಿ. 1742ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಚೀನಾದ ಕಥೋಲಿಕರು ಇಂಥ ವಿಧಿಗಳನ್ನು ಮಾಡಬಾರದೆಂದು ಕಡ್ಡಾಯವಾಗಿ ನಿಷೇಧಿಸಿದ್ದರು. ಆ ಆಜ್ಞೆ ಕೊರಿಯಾಕ್ಕೂ ಮುಟ್ಟಿತು. ಯುನ್ ಜಿ-ಚುಂಗ್ ಎಂಬ ವಿದ್ವಾಂಸ ಪೂರ್ವಿಕರ ಹೆಸರಿನ ಹಲಗೆಗಳನ್ನು ಸುಟ್ಟ, 1791ರಲ್ಲಿ ತಾಯಿ ತೀರಿಕೊಂಡಾಗ ಜೆಸಾ ಮಾಡಲಿಲ್ಲ. ಹಿರಿಯರ ಋಣವನ್ನೇ ರಾಜ್ಯದ ಅಡಿಪಾಯ ಮಾಡಿಕೊಂಡಿದ್ದ ಜೋಸೊನ್ ಅರಸೊತ್ತಿಗೆಗೆ ಅದು ರಾಜದ್ರೋಹದಂತೆ ಕಂಡಿತು. ಅವನನ್ನೂ ಅವನ ನೆಂಟ ಕ್ವೊನ್ ಸಾಂಗ್-ಯೊನ್‌ನನ್ನೂ ಜೊಂಜುವಿನಲ್ಲಿ ಕೊಂದರು. 2014ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಿಯೋಲ್‌ಗೆ ಹೋದಾಗ ಪುನೀತರೆಂದು ಘೋಷಿಸಿದ 124 ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಯುನ್‌ನದೇ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1939ರಲ್ಲಿ ವ್ಯಾಟಿಕನ್ ತನ್ನ ನಿಲುವು ಬದಲಿಸಿತು. ಹಿರಿಯರಿಗೆ ತಲೆಬಾಗುವುದು ಗೌರವ, ಅದು ವಿಗ್ರಹಾರಾಧನೆಯಲ್ಲ ಎಂದು ಒಪ್ಪಿತು. ಇಂದು ಕೊರಿಯಾದ ಕಥೋಲಿಕ ಮನೆಗಳಲ್ಲಿ ಶಿಲುಬೆಯೂ ಅಜ್ಜನ ಫೋಟೊವೂ ಒಟ್ಟಿಗೆ ಇರುತ್ತವೆ, ಪ್ರಾರ್ಥನೆಯೂ ನಡೆಯುತ್ತದೆ, ಅಡ್ಡಬೀಳುವುದೂ ನಡೆಯುತ್ತದೆ.

ಹಾಗಾದರೆ ನಿಷೇಧ ಪಾಲಿಸಲು ಸತ್ತವನ ಗತಿಯೇನು, ಅವನು ಸತ್ತದ್ದು ವ್ಯರ್ಥವೇ ಎಂದು ಒಬ್ಬ ಹುಡುಗ ಕೇಳಿದ. ನಾನು ಉತ್ತರ ಹೇಳಲು ಹೋಗಲಿಲ್ಲ. ಮಕ್ಕಳೇ ವಾದಕ್ಕಿಳಿದರು. ಒಬ್ಬಳು ತನ್ನ ಊರಿನ ಚರ್ಚಿನ ಮುಂದಿನ ಕೊಡಿಮರ, ಮದುವೆಯಲ್ಲಿ ಕಟ್ಟುವ ಮಿನ್ನು, ಉಡಿಸುವ ಮಂತ್ರಕೋಡಿ ಸೀರೆ, ಹಚ್ಚುವ ನಿಲವಿಳಕ್ಕು ಎಲ್ಲವನ್ನೂ ನೆನಪಿಸಿದಳು. ಇವೆಲ್ಲ ಹಿಂದೂ ಮನೆಗಳಲ್ಲೂ ಇವೆ, ನಮ್ಮಲ್ಲೂ ಇವೆ, ಹೊರಗಿನಿಂದ ಬಂದವರಿಗೆ ಯಾವುದು ಧರ್ಮ ಯಾವುದು ಊರಿನ ಪದ್ಧತಿ ಎಂದು ಹೇಗೆ ಗೊತ್ತಾಗಬೇಕು ಎಂದಳು. ಆಮೇಲೆ ತಾನೇ ಹೇಳಿದಳು: 'ಮನೆಯವರನ್ನೇ ಕೇಳಬೇಕು.' ಪಕ್ಕದಲ್ಲಿ ಕುಳಿತಿದ್ದ ಫಾದರ್ ತಲೆಯಾಡಿಸಿದರು. ನಾವು ಕೊಡಬಹುದಾಗಿದ್ದ ಸೂಚನೆಯೂ ಅಷ್ಟೇ ಆಗಿತ್ತು. ಗೌರವದಿಂದ ನಿಲ್ಲಿ, ನೋಡಿ, ಮನೆಯವರನ್ನು ಕೇಳಿ. ಅವರು ಕರೆದರೆ, ನಿಮ್ಮ ಮನಸ್ಸು ಒಪ್ಪಿದರೆ, ತಲೆಬಾಗಿ. ಒಪ್ಪದಿದ್ದರೆ ಕೈಮುಗಿದು ಸುಮ್ಮನಿದ್ದರೂ ಯಾರೂ ಬೇಸರಪಡುವುದಿಲ್ಲ. ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಬೇಡಿ.

ನಿಮ್ಮೂರಿನ ಕಥೆ ಹೇಳಿ

ಯಾತ್ರಿಕರು ಆತಿಥೇಯರ ಬಗ್ಗೆ ಕಲಿಯುತ್ತಾರೆ. ಆತಿಥೇಯರೂ ಕೇಳುತ್ತಾರಲ್ಲ, 'ನಿಮ್ಮಲ್ಲಿ ಹೇಗೆ?' ಎಂದು. ತಿರುವನಂತಪುರದ ಮಕ್ಕಳಿಗೆ ಅದಕ್ಕೆ ಉತ್ತರ ಹುಡುಕುವ ಕೆಲಸ ಕೊಟ್ಟೆವು. ಮೂರನೇ ಶನಿವಾರ ಅವರೆಲ್ಲ ಹೋದದ್ದು ಪದ್ಮನಾಭಪುರಂ ಅರಮನೆಗೆ. ಅದು ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ, ನೋಡಿಕೊಳ್ಳುವುದು ಕೇರಳ ಸರ್ಕಾರ. ಹಿಂದೆ ತಿರುವಾಂಕೂರಿನ ರಾಜಧಾನಿ.

ಆ ಅರಮನೆಯ ಸೇವೆಯಲ್ಲಿದ್ದ ನೀಲಕಂಠ ಪಿಳ್ಳೆಗೆ ಕ್ರೈಸ್ತ ಧರ್ಮದ ಪರಿಚಯ ಮಾಡಿಸಿದವನು ಡಿ ಲಾನಾಯ್. ಅವನು 1741ರ ಕೊಳಚ್ಚಲ್ ಯುದ್ಧದಲ್ಲಿ ಮಾರ್ತಾಂಡ ವರ್ಮನಿಗೆ ಸೆರೆಸಿಕ್ಕು, ಕೊನೆಗೆ ಅದೇ ರಾಜನ ಸೇನೆಯ ದಳಪತಿಯಾದ ಡಚ್ ಕಂಪನಿಯ ಅಧಿಕಾರಿ. ಪಿಳ್ಳೆ 1745ರಲ್ಲಿ ದೀಕ್ಷೆ ಪಡೆದು ದೇವಸಹಾಯಂ ಆದ, ಜಾತಿ ನೋಡದೆ ಎಲ್ಲರೊಡನೆ ಬೆರೆತ, ಸೆರೆಮನೆ ಕಂಡ, 1752ರ ಜನವರಿ 14ರಂದು ಅರಲ್ವಾಯ್‌ಮೊಳಿಯ ಕಾಡಿನಲ್ಲಿ ಗುಂಡಿಗೆ ಬಲಿಯಾದ. 2022ರ ಮೇ 15ರಂದು ಸಂತನೆಂದು ಘೋಷಣೆಯಾದಾಗ ಅವನು ಭಾರತದ ಗೃಹಸ್ಥರಲ್ಲಿ ಆ ಪದವಿ ಪಡೆದ ಮೊದಲಿಗ.

ಗುರುಗಳಿಲ್ಲದೆ ಗೃಹಸ್ಥರೇ ಕಟ್ಟಿದ ಕೊರಿಯಾ ಸಭೆಯವರಿಗೆ ಹೇಳಲು ಇದಕ್ಕಿಂತ ಹೊಂದುವ ಕಥೆ ಬೇಕೇ? ಒಬ್ಬೊಬ್ಬರೂ ಐದು ನಿಮಿಷದಲ್ಲಿ, ಸುಲಭ ಇಂಗ್ಲಿಷಿನಲ್ಲಿ, ಮೊದಲ ಎರಡು ವಾಕ್ಯ ಕೊರಿಯನ್‌ನಲ್ಲಿ ಈ ಕಥೆ ಹೇಳುವ ಅಭ್ಯಾಸ ಮಾಡಿದರು. ವಿಳಿಂಞದ ಮೀನುಗಾರರ ಮನೆಯ ಹುಡುಗನೊಬ್ಬ ಮಾತ್ರ ನನಗೆ ನಮ್ಮ ಅಪ್ಪನ ಕಥೆ ಹೇಳಬೇಕು ಎಂದ. 2018ರ ಪ್ರವಾಹದಲ್ಲಿ ದೋಣಿಯನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ ಜನರನ್ನು ರಕ್ಷಿಸಿದ ಮೀನುಗಾರರಲ್ಲಿ ಅವನ ಅಪ್ಪನೂ ಒಬ್ಬರು. ಅದನ್ನೇ ಹೇಳು ಎಂದೆವು.

ಹೆತ್ತವರ ಪ್ರಶ್ನೆಗಳು

ಕೊನೆಯ ಅರ್ಧ ಗಂಟೆ ತಂದೆತಾಯಿಯರಿಗೆ. ಅವರ ಪ್ರಶ್ನೆಗಳು ಬೇರೆ. ಹುಡುಗಿಯರನ್ನು ಎಲ್ಲಿ ಮಲಗಿಸುತ್ತಾರೆ? ಊಟ ಹಿಡಿಸುತ್ತದಾ? ಒಬ್ಬರು ಸ್ವಲ್ಪ ದನಿ ತಗ್ಗಿಸಿ, 'ಅಲ್ಲಿಗೆ ಹೋದಮೇಲೆ ಏನಾದರೂ ಕೆಲಸಕ್ಕೆ ದಾರಿ ಇದೆಯಾ?' ಎಂದರು.

ಕೇಳಿದ್ದಕ್ಕೆ ಅವರನ್ನು ಹೀಗಳೆಯಲಾಗದು. ಮನೆಗೊಬ್ಬರು ಹೊರದೇಶದಲ್ಲಿರುವ ನಾಡು ಇದು. ಆದರೆ ಉತ್ತರ ಸ್ಪಷ್ಟವಾಗಿರಬೇಕು. ಭಾರತೀಯರಿಗೆ ಕೊರಿಯಾಕ್ಕೆ ವೀಸಾ ಬೇಕು, ಯಾತ್ರೆಗೆಂದು ಪಡೆದ ವೀಸಾ ಯಾತ್ರೆಗೆ ಮಾತ್ರ. ಹಿಂದಿನ ಕೂಟಗಳಲ್ಲಿ ಗುಂಪಿನಿಂದ ಯಾತ್ರಿಕರು ಕಣ್ಮರೆಯಾದ ಸುದ್ದಿಗಳು ಬಂದಿವೆ. ಹಾಗೆ ಒಬ್ಬ ಉಳಿದುಬಿಟ್ಟರೆ ಬಾಗಿಲು ಮುಚ್ಚುವುದು ಅವನ ಹಿಂದೆ ಬರುವ ನೂರು ಮಂದಿಗೆ. ಓದಲು, ದುಡಿಯಲು ಕೊರಿಯಾಕ್ಕೆ ಹೋಗಬೇಕೆನ್ನುವವರಿಗೆ ನೇರ ದಾರಿಗಳು ಬೇರೆಯೇ ಇವೆ. ಆತಿಥ್ಯದ ಮೊದಲ ನಿಯಮ, ಹೇಳಿದ ದಿನ ಹೊರಡುವುದು. ಇದನ್ನು ಮಕ್ಕಳ ಎದುರಿಗೇ ಹೇಳಿದೆವು.

ಬುತ್ತಿಯಲ್ಲಿರಲಿ

ಈ ಲೇಖನ ಓದುತ್ತಿರುವ ಬೆಂಗಳೂರು, ಮುಂಬೈ, ಚೆನ್ನೈಯ ಕನ್ನಡದ ಮನೆಗಳಿಂದಲೂ ಸಿಯೋಲ್‌ಗೆ ಹೊರಡುವವರು ಇರಬಹುದು. ಅವರಿಗಾಗಿ ಕೆಲವು ಮಾತು.

ಬಿಸಿಲು: ಆಗಸ್ಟ್‌ನ ಸಿಯೋಲ್ ನಮ್ಮ ಕರಾವಳಿಯ ಏಪ್ರಿಲ್‌ನಂತೆ ಬೆವರಿಳಿಸುತ್ತದೆ. 2023ರ ಆಗಸ್ಟ್‌ನಲ್ಲಿ ಕೊರಿಯಾದ ಸೆಮಾಂಗುಮ್‌ನಲ್ಲಿ ನಡೆದ ವಿಶ್ವ ಸ್ಕೌಟ್ ಜಾಂಬೂರಿಯಲ್ಲಿ ಬಿಸಿಲಿಗೆ ನೂರಾರು ಮಕ್ಕಳು ಅಸ್ವಸ್ಥರಾದರು, ಕೆಲವು ದೇಶಗಳ ತಂಡಗಳು ಅರ್ಧಕ್ಕೇ ಶಿಬಿರ ಬಿಟ್ಟವು, ಕೊನೆಗೆ ಚಂಡಮಾರುತದ ಭಯಕ್ಕೆ ಎಲ್ಲರನ್ನೂ ಅಲ್ಲಿಂದ ಸಾಗಿಸಬೇಕಾಯಿತು. ಯುವಜನ ದಿನದ ಕೊನೆಯ ಜಾಗರಣೆಯ ರಾತ್ರಿ ಬಯಲಿನಲ್ಲೇ ಕಳೆಯುವುದು ರೂಢಿ. ಟೋಪಿ, ನೀರಿನ ಬಾಟಲಿ, ಓಆರ್‌ಎಸ್ ಪ್ಯಾಕೆಟ್ಟು ಮರೆಯಬೇಡಿ.

ಊಟ: ಹಿರಿಯರು ಚಮಚ ಎತ್ತಿದ ಮೇಲೆ ನಾವು. ಬಟ್ಟಲು ಮೇಜಿನ ಮೇಲೇ ಇರಲಿ, ಕೈಯಲ್ಲಿ ಎತ್ತಬಾರದು. ಅನ್ನದಲ್ಲಿ ಚಮಚವನ್ನೋ ಕಡ್ಡಿಯನ್ನೋ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಎಡೆಯಿಡುವ ರೀತಿ. ಸಸ್ಯಾಹಾರಿಗಳು ಕಿಮ್ಚಿಯಲ್ಲೂ ಮೀನಿನ ರಸ ಇರುತ್ತದೆ ಎಂದು ತಿಳಿದಿರಲಿ.

ನಡವಳಿಕೆ: ಚಪ್ಪಲಿ ಹೊರಗೆ. ಏನನ್ನೇ ಕೊಡುವಾಗ, ತೆಗೆದುಕೊಳ್ಳುವಾಗ ಎರಡೂ ಕೈ. ಮೊದಲ ಭೇಟಿಯಲ್ಲೇ ವಯಸ್ಸು ಕೇಳಿದರೆ ಬೇಸರ ಬೇಡ, ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ತಿಳಿಯಲು ಕೇಳುತ್ತಾರೆ. ಮೆಟ್ರೊದಲ್ಲಿ ಮೆಲುದನಿ, ಮುದುಕರ ಸೀಟು ಖಾಲಿಯಿದ್ದರೂ ಅವರಿಗೇ. ಕಸವನ್ನು ವಿಂಗಡಿಸಿಯೇ ಹಾಕಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ದಾರಿ ಹುಡುಕಲು ಸ್ಥಳೀಯರು ಬಳಸುವುದು ನೇವರ್ ಮ್ಯಾಪ್, ಕಾಕಾವೊ ಮ್ಯಾಪ್. ಆಂಬುಲೆನ್ಸ್‌ಗೆ 119, ಪೊಲೀಸರಿಗೆ 112, ಪ್ರವಾಸಿಗರ ಸಹಾಯವಾಣಿ 1330.

ನೋಡಬೇಕಾದ್ದು: ಹಾನ್ ನದಿ ದಂಡೆಯ ಜೊಲ್ದುಸಾನ್, 1866ರ ಹತ್ಯಾಕಾಂಡದ ಗುಡ್ಡ. ಕಿಮ್ ತೆಗೊನ್ ಬಲಿಯಾದ ಸೆನಾಮ್ತೊ. 1898ರ ಮ್ಯೊಂಗ್‌ಡೊಂಗ್ ಕೆಥೆಡ್ರಲ್, 1987ರಲ್ಲಿ ಸರ್ವಾಧಿಕಾರದ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿಗಳಿಗೆ ಆಶ್ರಯ ಕೊಟ್ಟ ಜಾಗ. ಸುತ್ತಲೂ ಶಾಪಿಂಗ್ ಬೀದಿ, ಕೆ-ಪಾಪ್ ಅಂಗಡಿಗಳು. ಅವಕ್ಕೂ ಒಂದು ಗಂಟೆ ಇರಲಿ.

ಇನ್ನೊಂದು ಹೆಸರನ್ನು ಕನ್ನಡಿಗರು ಜೊತೆಗೊಯ್ಯಬೇಕು. ಕೊರಿಯಾ ಯುದ್ಧ ನಿಂತಾಗ ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳನ್ನು ಏನು ಮಾಡುವುದು ಎಂಬ ಕಗ್ಗಂಟು ಎದುರಾಯಿತು. ಅದನ್ನು ಬಿಡಿಸಲು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಎರಡೂ ಕಡೆಯವರ ಸಿಟ್ಟಿನ ನಡುವೆ, ಯಾರ ಪಕ್ಷವನ್ನೂ ಹಿಡಿಯದೆ, ಪ್ರತಿ ಕೈದಿಯ ಮಾತನ್ನೂ ಕೇಳಿಸಿಕೊಳ್ಳುವ ಕೆಲಸ ಅವರದಾಗಿತ್ತು. ಕೊರಿಯಾದ ಹಿರಿಯರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಾಗ ಕೊಡಗಿನಿಂದ ಹೀಗೊಬ್ಬರು ಇಲ್ಲಿಗೆ ಬಂದಿದ್ದರು ಎಂದು ಹೇಳಿ. ಮಾತು ತಾನಾಗಿ ಬೆಳೆಯುತ್ತದೆ.

ಪರಊರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಬಾಡಿಗೆ ಮನೆಯ ಓಣಿಯಲ್ಲಿ ಮೊದಲ ಮಲಯಾಳ ವಾಕ್ಯ ಆಡಿದ ದಿನದಿಂದ ಎದುರುಮನೆಯ ಅಮ್ಮಚ್ಚಿಯ ಮುಖ ಬದಲಾದದ್ದನ್ನು ನಾವೆಲ್ಲ ಕಂಡಿದ್ದೇವೆ. ನಿಮ್ಮ ಊರಿನ ಚರ್ಚಿನಲ್ಲೋ ಕನ್ನಡ ಸಂಘದಲ್ಲೋ ಇಂಥ ಹುಡುಗ ಹುಡುಗಿಯರು ಇದ್ದರೆ ಅವರ ಜೊತೆ ಎರಡು ಭಾನುವಾರ ಕೂರಿ. ಕೊರಿಯಾ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಅದನ್ನು ಅವರೇ ನಿಮಗೆ ಹೇಳಿಕೊಡುತ್ತಾರೆ. ಪರಊರಿನಲ್ಲಿ ಅತಿಥಿಯಾಗಿರುವುದು ಹೇಗೆ ಎಂಬುದನ್ನು ನೀವು ಹೇಳಿಕೊಡಿ.